ಜೇನು ಸತ್ತಿತೆಂದು ಕೋಳಿಗೆ ಬೈಯುವ ಮೊದಲು ಗೂಡಿಗೆ ಹೊಡೆದ ಮದ್ದು ನೋಡಿ

ಸುಳ್ಯ: ರಬ್ಬರ್ ಮರಗಳು ಎಲೆ ಉದುರಿಸಿ ಹೊಸ ಚಿಗುರು ಬಿಡುವ ಹೊತ್ತು ಬಂತು. ರಬ್ಬರ್‌ನಲ್ಲಿ ಜೇನಿಗೆ ಸಿಗುವುದು ಹೂವಿನ ರಸ ಅಲ್ಲ, ಎಳೆ ಎಲೆಯ ತೊಟ್ಟಿನ ಬಳಿ ಒಸರುವ ಸಿಹಿ. ಜೇನು ಸಾಕುವವರ ವರ್ಷದ ದುಡಿಮೆ ಕೈಗೆ ಬರಬೇಕಾದರೆ ಈ ಎರಡು ಮೂರು ತಿಂಗಳು ಪೆಟ್ಟಿಗೆ ತುಂಬಾ ಹುಳ ಇರಬೇಕು. ಹಳೇ ಜಗಳ ಎದ್ದು ಕೂರುವುದೂ ಇದೇ ಹೊತ್ತಿಗೆ. ಹಿತ್ತಲಲ್ಲಿ ಕೋಳಿ ಇದ್ದರೆ ಜೇನು ನಿಲ್ಲುವುದಿಲ್ಲ ಎಂದು ಒಬ್ಬರು, ಜೇನು ಇಟ್ಟರೆ ಕೋಳಿ ಸಾಯುತ್ತದೆ ಎಂದು ಇನ್ನೊಬ್ಬರು.

ಈ ಪ್ರಶ್ನೆ ಈಗ ಮೊದಲಿಗಿಂತ ಜಾಸ್ತಿ ಯಾಕೆ ಬರುತ್ತಿದೆ ಅಂದರೆ, ಜೇನು ಪೆಟ್ಟಿಗೆಗೆ ಸಹಾಯಧನ ಕೊಡುವುದು ತೋಟಗಾರಿಕೆ ಇಲಾಖೆ, ಹಿತ್ತಲಲ್ಲಿ ಸಾಕಲು ಕೋಳಿ ಮರಿ ಕೊಡುವುದು ಪಶುಸಂಗೋಪನಾ ಇಲಾಖೆ. ಎರಡೂ ಬಂದು ಸೇರುವುದು ಐದು ಹತ್ತು ಸೆಂಟ್ಸ್‌ನ ಅದೇ ಅಂಗಳಕ್ಕೆ. ಒಂದರ ಪಕ್ಕ ಇನ್ನೊಂದನ್ನು ಹೇಗೆ ಇಡಬೇಕು ಎಂದು ಹೇಳಿಕೊಡುವ ಕೆಲಸ ಯಾರ ಪಾಲಿಗೂ ಬಂದಿಲ್ಲ.

ಮೊದಲು ಕೋಳಿಯ ವಿಷಯ. ಕೋಳಿ ಹುಳ ತಿನ್ನುವುದು ನಿಜ. ಆದರೆ ಪೆಟ್ಟಿಗೆಯ ಬಾಗಿಲಲ್ಲಿ ನಿಂತು ಹಾರಾಡುವ ಜೇನನ್ನು ಹಿಡಿದು ತಿಂದು ಕುಟುಂಬ ಮುಗಿಸುವಷ್ಟು ಮೂರ್ಖತನ ಅದಕ್ಕಿಲ್ಲ. ಒಂದೆರಡು ಸಲ ಕುಟುಕಿಸಿಕೊಂಡರೆ ಬುದ್ಧಿ ಕಲಿಯುತ್ತದೆ. ಅದು ಹೆಕ್ಕುವುದು ಪೆಟ್ಟಿಗೆಯಿಂದ ಹೊರಗೆ ಬಿದ್ದ ಸತ್ತ ಹುಳ, ಗಂಡು ಜೇನು, ಸತ್ತ ಮರಿ, ಹಳೆ ಎರಿ ಬಿಡಿಸುವಾಗ ಉದುರುವ ಮೇಣದ ಹುಳು ಇಂಥದ್ದನ್ನು. ಒಂದು ಲೆಕ್ಕದಲ್ಲಿ ಕಸ ಗುಡಿಸಿದ ಹಾಗೆ.

ಕೋಳಿಯಿಂದ ತೊಂದರೆಯೇ ಇಲ್ಲ ಅಂತಲ್ಲ. ಹುಂಜ ಪೆಟ್ಟಿಗೆಯ ಮೇಲೆ ಹಾರಿ ಕೂರುತ್ತದೆ, ಹೇಂಟೆ ಸ್ಟ್ಯಾಂಡಿನ ಬುಡ ಕೆದಕುತ್ತದೆ. ನಮ್ಮ ತುಡುವೆ ಜೇನು ಸೂಕ್ಷ್ಮ, ದಿನಾ ಕಿರಿಕಿರಿ ಆದರೆ ಇಡೀ ಕುಟುಂಬವೇ ಪೆಟ್ಟಿಗೆ ಬಿಟ್ಟು ಹಾರಿ ಹೋಗುತ್ತದೆ. ಜನ ಲೆಕ್ಕಕ್ಕೇ ಇಡದ ಇನ್ನೊಂದು ಸಂಗತಿ ಉಂಟು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ಇಟ್ಟ ಬಟ್ಟಲಿನ ನೀರನ್ನು ಕೋಳಿ ಕುಡಿದು ಖಾಲಿ ಮಾಡುತ್ತದೆ, ಇಲ್ಲವೇ ಮಣ್ಣು ಕೆದಕಿ ತುಂಬಿಸುತ್ತದೆ. ರಾತ್ರಿ ಇರುವೆ ಏರಿತೆಂದರೆ ಬೆಳಿಗ್ಗೆ ಪೆಟ್ಟಿಗೆ ಖಾಲಿ. ಬಟ್ಟಲಿಗೆ ಸುಟ್ಟ ಆಯಿಲ್ ಹಾಕುವವರೂ ಇದ್ದಾರೆ. ಕೋಳಿ ಓಡಾಡುವಲ್ಲಿ ಅದು ಬೇಡ.

ಇನ್ನು ಜೇನಿನಿಂದ ಕೋಳಿಗೆ ಅಪಾಯ. ಜೇನು ದಾಳಿ ಅಂತ ಸುದ್ದಿಯಾಗುವುದು ಹೆಚ್ಚಾಗಿ ದೊಡ್ಡ ಮರ, ನೀರಿನ ಟ್ಯಾಂಕಿಯಲ್ಲಿ ಕಟ್ಟುವ ಹೆಜ್ಜೇನು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಅದಲ್ಲ. ಬಿಟ್ಟ ಕೋಳಿ ಹೇಗೂ ಓಡಿ ತಪ್ಪಿಸಿಕೊಳ್ಳುತ್ತದೆ. ಸಿಕ್ಕಿಹಾಕಿಕೊಳ್ಳುವುದು ಗೂಡಿನಲ್ಲಿ ಕೂಡಿ ಹಾಕಿದ ಕೋಳಿ, ಕಾಲಿಗೆ ಹಗ್ಗ ಕಟ್ಟಿದ ಹುಂಜ. ಜೇನು ತೆಗೆಯುವ ದಿನ ಹುಳ ಸಿಟ್ಟಿನಲ್ಲಿರುತ್ತದೆ, ಆ ದಿನ ಕಟ್ಟಿದ್ದನ್ನು ದೂರ ಒಯ್ಯಬೇಕು. ಗೂಡಿಗೂ ಪೆಟ್ಟಿಗೆಗೂ ಹದಿನೈದು ಇಪ್ಪತ್ತು ಅಡಿ ಬಿಟ್ಟು, ಪೆಟ್ಟಿಗೆಯ ಬಾಗಿಲು ಗೂಡಿಗೆ ಬೆನ್ನು ಹಾಕುವಂತೆ ಇಟ್ಟರೆ ಉಳಿದ ದಿನ ರಗಳೆ ಇಲ್ಲ. ಮರಿಗಳ ಬಿಸಿಗೆ ರಾತ್ರಿ ಹಾಕುವ ಬಲ್ಬಿನ ಬೆಳಕು ಪೆಟ್ಟಿಗೆಗೆ ಬೀಳಬಾರದು, ಬಿದ್ದರೆ ಹುಳ ಬೆಳಕಿಗೆ ಬರುತ್ತದೆ.

ಇಷ್ಟೆಲ್ಲ ಸರಿ ಮಾಡಿದವರ ಮನೆಯಲ್ಲೂ ಜೇನು ಸಾಯುವುದುಂಟು. ಅಲ್ಲಿ ನೋಡಬೇಕಾದ್ದು ಕೋಳಿಯ ಹೇನು, ಉಣ್ಣಿಗೆ ಹೊಡೆಯುವ ಮದ್ದು. ಸೆಕೆ ಏರಿದ ಹಾಗೆ ಗೂಡಿನ ಸಂದಿಯಲ್ಲಿ ಉಣ್ಣಿ ಜಾಸ್ತಿಯಾಗುತ್ತದೆ. ಅಂಗಡಿಯಿಂದ ಸಣ್ಣ ಬಾಟ್ಲಿ ತಂದು, ನೀರಿಗೆ ಬೆರೆಸಿ, ಬೆಳಿಗ್ಗೆ ಕೋಳಿ ಹೊರಗೆ ಬಿಟ್ಟ ಕೂಡಲೇ ಸ್ಪ್ರೇ ಮಾಡುತ್ತಾರೆ. ಈ ಬಾಟ್ಲಿಗಳಲ್ಲಿ ಸಾಮಾನ್ಯವಾಗಿ ಇರುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎರಡೂ ಜೇನಿಗೆ ಕಡು ವಿಷ. ಬೆಳಿಗ್ಗೆ ಅಂದರೆ ಜೇನು ಹೊರಗೆ ಹಾರುವ ಸಮಯವೇ. ಗೂಡಿನ ಬಳಿ ನೀರಿನ ಬಟ್ಟಲಿಗೆ ಜೇನು ಬರುತ್ತದೆ, ಪರಾಗ ಕಡಿಮೆ ಇದ್ದಾಗ ಕೋಳಿ ತಿಂಡಿಯ ಜೋಳದ ಹುಡಿಗೂ ಬರುತ್ತದೆ. ಮದ್ದಿನ ಹನಿ ಬೀಳುವುದೂ ಅಲ್ಲಿಗೇ.

ತಮಾಷೆ ಎಂದರೆ ಸಾಕ್ಷಿಯನ್ನು ತಿಂದು ಹಾಕುವುದು ಕೋಳಿಯೇ! ಮದ್ದು ತಾಗಿದ ಜೇನು ಪೆಟ್ಟಿಗೆಯ ಎದುರು ರಾಶಿ ಬೀಳುತ್ತದೆ, ಕೋಳಿ ಬಂದು ಹೆಕ್ಕುತ್ತದೆ. ಮಧ್ಯಾಹ್ನ ಮನೆಯವರು ನೋಡುವಾಗ ಹುಳವೂ ಇಲ್ಲ, ಪೆಟ್ಟಿಗೆಯಲ್ಲಿ ಸದ್ದೂ ಇಲ್ಲ, ಎದುರಲ್ಲಿ ಕೋಳಿ ಮಾತ್ರ. ಇನ್ಯಾರ ಮೇಲೆ ಅನುಮಾನ ಬರಬೇಕು ಹೇಳಿ.

ನಷ್ಟ ಸಣ್ಣದಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲು ನಾಶವಾಗಿತ್ತು. ಜೇನು ಬಿಟ್ಟ ಎಷ್ಟೋ ಮನೆಯವರು ಮತ್ತೆ ಅತ್ತ ತಲೆ ಹಾಕಲಿಲ್ಲ. ಈಗ ಸಹಾಯಧನದಲ್ಲಿ ಹೊಸದಾಗಿ ಶುರು ಮಾಡಿದವರ ಪೆಟ್ಟಿಗೆ ಮೊದಲ ವರ್ಷವೇ ಖಾಲಿಯಾದರೆ ಅದು ಸೌದೆ ಕೊಟ್ಟಿಗೆಗೆ ಹೋಗುತ್ತದೆ ಅಷ್ಟೇ.

ಇಲ್ಲಿ ಇಲಾಖೆಗಿಂತ ಬೇಗ ಕೆಲಸ ಮಾಡಬಹುದಾದವರು ಮದ್ದು ಮಾರುವ ಅಂಗಡಿಯವರು. ಬಾಟ್ಲಿ ಕೊಡುವಾಗ ‘ಮನೆಯಲ್ಲಿ ಅಥವಾ ಪಕ್ಕದಲ್ಲಿ ಜೇನು ಪೆಟ್ಟಿಗೆ ಉಂಟಾ?’ ಎಂದು ಒಂದು ಮಾತು ಕೇಳಿದರೆ ಸಾಕು. ಉಂಟು ಎಂದಾದರೆ ಸ್ಪ್ರೇ ಮಾಡುವುದು ಕತ್ತಲಾದ ಮೇಲೆ, ಹುಳ ಒಳಗೆ ಸೇರಿದ ನಂತರ, ಗೂಡಿನ ಒಳಗೆ ಮಾತ್ರ. ಆ ರಾತ್ರಿ ಕೋಳಿಗೆ ಬೇರೆ ಜಾಗ. ನೀರಿನ ಪಾತ್ರೆ, ತಿಂಡಿಯ ಪಾತ್ರೆ ಮೊದಲೇ ಎತ್ತಿಡಬೇಕು. ಪಕ್ಕದ ಮನೆಯವರಿಗೂ ಹಿಂದಿನ ದಿನವೇ ತಿಳಿಸಬೇಕು, ಜೇನಿಗೆ ಬೇಲಿ ಗೊತ್ತಿಲ್ಲ. ಕೋಳಿ ಹೊರಳಾಡಲು ಬೂದಿ ಗುಂಡಿ, ಗೂಡಿನ ಸಂದಿಗೆ ಸುಣ್ಣ ಮೊದಲೇ ಮಾಡಿಟ್ಟಿದ್ದರೆ ಬಾಟ್ಲಿ ತರುವ ಪ್ರಮೇಯವೇ ಕಡಿಮೆ.

ಹಾಗಿದ್ದೂ ಬೆಳಿಗ್ಗೆ ಪೆಟ್ಟಿಗೆಯ ಎದುರು ಹುಳ ರಾಶಿ ಬಿದ್ದದ್ದು ಕಂಡರೆ ಮೊದಲು ಕೋಳಿಯನ್ನು ಕೂಡಿ ಹಾಕಿ. ಸತ್ತ ಹುಳ ಒಂದು ಹಿಡಿ ಕಾಗದದಲ್ಲಿ ಕಟ್ಟಿ, ಅಕ್ಕಪಕ್ಕದಲ್ಲಿ ಹೊಡೆದ ಮದ್ದಿನ ಲೇಬಲ್ಲಿನ ಫೋಟೋ ತೆಗೆದುಕೊಂಡು, ಅದೇ ದಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ತೋರಿಸಿ.