ಕಡ್ಡಾಯ ಪತ್ರಿಕೆಗೆ ವೃತ್ತಿ ಅನುಭವ ಒದಗೀತೆ?

ಬೆಂಗಳೂರು: ಪಿಎಚ್.ಡಿ. ಬೇಕಿಲ್ಲ, ಎನ್‌ಇಟಿ ಬೇಕಿಲ್ಲ. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ದುಡಿದು ಹೆಸರು ಮಾಡಿದ್ದರೆ ಸಾಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಹುದ್ದೆಗಳಿಗೆ ಹೊರಡಿಸಿದ ಮಾರ್ಗಸೂಚಿಯ ತಿರುಳು ಇದು. ಇಂಥವರ ಸಂಖ್ಯೆ ಮಂಜೂರಾದ ಬೋಧಕ ಹುದ್ದೆಗಳ ಶೇ. 10ನ್ನು ಮೀರುವಂತಿಲ್ಲ. ಗರಿಷ್ಠ ಅವಧಿ ನಾಲ್ಕು ವರ್ಷ. ಈಗಾಗಲೇ ಬೋಧನೆಯಲ್ಲಿರುವವರಿಗೂ ಅದರಿಂದ ನಿವೃತ್ತರಾದವರಿಗೂ ಅವಕಾಶವಿಲ್ಲ.

ಯೋಜನೆ ಸ್ವಾಗತಾರ್ಹವೇ. ಆದರೆ ಈ ಅನುಭವಿಗಳು ಯಾವ ತರಗತಿಗೆ ಹೋಗಬೇಕು ಎಂಬ ಪ್ರಶ್ನೆಗೆ ಸಿಗಬೇಕಾದ ಮಹತ್ವ ಸಿಕ್ಕಿಲ್ಲ. ಉದ್ಯಮದ ಗಣ್ಯರೆಂದೊಡನೆ ಕಾಲೇಜುಗಳಿಗೆ ನೆನಪಾಗುವುದು ಐಚ್ಛಿಕ ವಿಷಯ, ವಿಶೇಷ ಉಪನ್ಯಾಸ, ಶಾಲು-ಹಾರ. ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಲೇಬೇಕಾದ ಕಡ್ಡಾಯ ಪತ್ರಿಕೆ ಮಾತ್ರ ಕಾರ್ಯಭಾರ ಕಡಿಮೆಯಿರುವ ಯಾವುದೋ ವಿಭಾಗದ ಅಧ್ಯಾಪಕರ ಪಾಲಾಗುವುದು ಅಪರೂಪವಲ್ಲ.

ಪರಿಸರ ಅಧ್ಯಯನವನ್ನೇ ನೋಡಬಹುದು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ನಿರ್ದೇಶನದ ಫಲವಾಗಿ ಎಲ್ಲ ಪದವಿ ತರಗತಿಗಳಿಗೂ ಬಂದ ವಿಷಯವಿದು. ಆಯೋಗ ರೂಪಿಸಿದ ಆರು ತಿಂಗಳ ಪಠ್ಯದಲ್ಲಿ 50 ಉಪನ್ಯಾಸಗಳಿದ್ದವು. 100 ಅಂಕಗಳಲ್ಲಿ 25 ಕ್ಷೇತ್ರಕಾರ್ಯಕ್ಕೆ ಮೀಸಲಾಗಿದ್ದವು. 2023ರ ಪರಿಷ್ಕೃತ ಚೌಕಟ್ಟಿನಲ್ಲಿಯೂ ಕ್ಷೇತ್ರಕಾರ್ಯಕ್ಕೆ ಸ್ಥಾನವಿದೆ. ಅಂದರೆ ಅನುಭವಕ್ಕೆ ಬಾಗಿಲು ಪಠ್ಯದಲ್ಲಿಯೇ ತೆರೆದಿದೆ. ಒಳಗೆ ಕಾಲಿಡುವವರಿಲ್ಲದೆ ಕ್ಷೇತ್ರಕಾರ್ಯವೆಂಬುದು ಎಷ್ಟೋ ಕಡೆ ಹಿರಿಯ ವಿದ್ಯಾರ್ಥಿಗಳ ವರದಿಯ ನಕಲಾಗಿಬಿಡುತ್ತದೆ.

ಜಲಮಾಲಿನ್ಯದ ಅಧ್ಯಾಯಕ್ಕೆ ಕೊಳಚೆ ನೀರಿನ ಸಂಸ್ಕರಣಾ ಘಟಕ ನಡೆಸಿದ ಎಂಜಿನಿಯರೊಬ್ಬರು ಬಂದರೆಂದು ಭಾವಿಸೋಣ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನು ಸುದ್ದಿಯಾಗಿ ಎಲ್ಲರೂ ಬಲ್ಲರು. ಮಾರ್ಜಕಗಳು ಬೆರೆತ ಕೊಳಚೆ ಕೋಡಿಯಲ್ಲಿ ಧುಮುಕುವಾಗ ನೊರೆ ಹೇಗೆ ಎದ್ದೇಳುತ್ತದೆ, ಘಟಕ ಕಟ್ಟಿದರೂ ಒಳಚರಂಡಿಯ ಸಂಪರ್ಕವಿಲ್ಲದಿದ್ದರೆ ಅದು ಏಕೆ ಅರೆಹೊಟ್ಟೆಯಲ್ಲಿರುತ್ತದೆ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಕೋಲಾರದ ಕೆರೆಗಳಿಗೆ ಹರಿಯುತ್ತಿರುವ ನೀರಿಗೆ ಎರಡನೇ ಹಂತದ ಶುದ್ಧೀಕರಣ ಸಾಕೇ ಎಂಬ ವಿವಾದವೇನು ಎಂಬುದನ್ನು ಅವರು ವಿವರಿಸಬಲ್ಲರು. ಪಠ್ಯಪುಸ್ತಕದ ವ್ಯಾಖ್ಯೆಗೆ ಆಗ ಊರು, ಕೆರೆ, ಖರ್ಚುವೆಚ್ಚಗಳು ಅಂಟಿಕೊಳ್ಳುತ್ತವೆ.

ಇದು ಆಗದ ಮಾತೇನೂ ಅಲ್ಲ. ವಕೀಲಿಕೆ ಬಿಡದೆಯೇ ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಬೋಧಿಸಲು ನ್ಯಾಯವಾದಿಗಳಿಗೆ 1979ರ ನಿಯಮಗಳೇ ಅನುಮತಿ ನೀಡಿವೆ. ವೈದ್ಯಶಿಕ್ಷಣವಂತೂ 2019ರ ಹೊಸ ಪಠ್ಯಕ್ರಮದಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಅಂಗರಚನೆ, ಶರೀರಕ್ರಿಯೆಗಳನ್ನು ಓದುವ ಮೊದಲ ವರ್ಷದಲ್ಲೇ ರೋಗಿಯ ಸಂಪರ್ಕ ಒದಗಿಸುವ ವ್ಯವಸ್ಥೆ ಬಂತು. ಅನುಭವವನ್ನು ಅಲಂಕಾರಕ್ಕೆ ಇಡದೆ ಕಡ್ಡಾಯ ಪಾಠದ ಒಳಗೇ ಹೆಣೆದ ಉದಾಹರಣೆ ಇದು.

ಆಕ್ಷೇಪಗಳೂ ಇವೆ, ಅವು ಹಗುರವಾದವಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಸೇವಾ ಭದ್ರತೆಗಾಗಿ 2023ರ ಕೊನೆಯಲ್ಲಿ ತರಗತಿ ಬಹಿಷ್ಕರಿಸಿದ ಅವರಿಗೆ, ಪದವಿಯ ಹಂಗಿಲ್ಲದೆ ಪ್ರೊಫೆಸರ್ ಎನಿಸಿಕೊಳ್ಳುವವರನ್ನು ಕಂಡು ಕಸಿವಿಸಿಯಾದರೆ ಅಚ್ಚರಿಯಿಲ್ಲ. ಹೊಸ ಹುದ್ದೆಗಳು ಮಂಜೂರಾದ ಹುದ್ದೆಗಳಿಗೆ ಹೊರತಾಗಿರುತ್ತವೆ ಎಂದು ಮಾರ್ಗಸೂಚಿ ಹೇಳುತ್ತದಾದರೂ ಖಾಲಿ ಹುದ್ದೆ ತುಂಬದಿರಲು ಅದೇ ನೆಪವಾಗಬಾರದು. ಇನ್ನೊಂದು ತೊಡಕು ಬೋಧನೆಯದೇ. ಮೂವತ್ತು ವರ್ಷದ ಸೇವೆಯ ನೆನಪುಗಳನ್ನು ಹರಟುವುದು ಸುಲಭ. ಅದನ್ನು ಒಂದು ಘಟಕದ ನಾಲ್ಕು ತರಗತಿಗಳಿಗೆ ಇಳಿಸುವುದು ಸುಲಭವಲ್ಲ. ಕಾಯಂ ಅಧ್ಯಾಪಕರು ಜೊತೆಗೆ ಕುಳಿತು ಪಾಠ ರೂಪಿಸದಿದ್ದರೆ ಅತಿಥಿ ಹೋದ ಮರುದಿನವೇ ವಿದ್ಯಾರ್ಥಿ ಗೈಡಿನತ್ತ ಮರಳುತ್ತಾನೆ.

ಪರೀಕ್ಷೆಯಲ್ಲಿ ಕೇಳದ್ದನ್ನು ತರಗತಿಯಲ್ಲಿ ಕೇಳಿಸಿಕೊಳ್ಳುವವರು ಕಡಿಮೆ. ಪಠ್ಯಕ್ರಮ ರಚನೆಯೂ ಈ ಹೊಸ ಪ್ರಾಧ್ಯಾಪಕರ ಕರ್ತವ್ಯವೆಂದು ಮಾರ್ಗಸೂಚಿಯಲ್ಲಿದೆ. ಹಾಗಿದ್ದಮೇಲೆ ವಿಶ್ವವಿದ್ಯಾಲಯಗಳು ಅವರಿಗೆ ಅಧ್ಯಯನ ಮಂಡಳಿಯ ಸಭೆಯಲ್ಲಿ ಕುರ್ಚಿ ಹಾಕಬೇಕು, ಕ್ಷೇತ್ರಕಾರ್ಯದ 25 ಅಂಕಗಳ ಮೌಲ್ಯಮಾಪನವನ್ನೂ ಒಪ್ಪಿಸಬೇಕು. ಇದಕ್ಕೆ ಹೊಸ ಅನುದಾನವೇನೂ ಬೇಕಾಗಿಲ್ಲ.