ಬೇಟೆಗಾರನ ಕನ್ನಡಕ



ಮೇಲಿನ ತಲೆಬರಹವನ್ನು ನೋಡಿ ನಿಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಮೂವತ್ತು ವರ್ಷ ಹುಡುಗರಿಗೆ ಶಾಕುಂತಲವನ್ನು ಪಾಠ ಹೇಳುತ್ತ, ಆಶ್ರಮದ ಜಿಂಕೆಯನ್ನು ಕೊಲ್ಲಬೇಡವೆಂದು ದುಷ್ಯಂತನನ್ನು ತಡೆದ ವೈಖಾನಸನ ಪಕ್ಷವನ್ನೇ ಹಿಡಿದು ಬಂದ ಈ ಉಪಾಧ್ಯಾಯನಿಗೆ ಬೇಟೆಯ ಗೊಡವೆ ಏಕೆ ಬಂದಿತು? ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ತಂಗಿಯ ಮಗನು ಅಮೆರಿಕಾ ದೇಶದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಇಪ್ಪತ್ತು ವರ್ಷಗಳಿಂದ ನೆಲಸಿರುವನು. ಬಿಲ್ಲುಬಾಣಗಳಿಂದ ಜಿಂಕೆಯಾಡುವವರಿಗೆಂದು 1934ರಲ್ಲಿಯೇ ಪ್ರತ್ಯೇಕ ಬೇಟೆಗಾಲವನ್ನು ಗೊತ್ತುಮಾಡಿದ ಪ್ರಾಂತವದು. ನಮ್ಮ ದೇಶದಲ್ಲಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಂತಹ ಬೇಟೆಯನ್ನು ಅಪರಾಧವೆಂದೇ ಎಣಿಸುತ್ತದೆ. ಅಲ್ಲಿ ಪರವಾನಗಿ ಪಡೆದು, ಕಾಲನಿಯಮಗಳನ್ನು ಪಾಲಿಸಿ ಆಡುವುದುಂಟು. ನೆರೆಹೊರೆಯವರ ಸಹವಾಸದಿಂದ ಇವನಿಗೂ ಆ ಹವ್ಯಾಸ ಹತ್ತಿತು. ನನಗೆ ಒಪ್ಪಿಗೆಯಿಲ್ಲವೆಂಬುದನ್ನು ಅವನು ಬಲ್ಲನು. ಆದರೂ ಹೋದ ಕಾರ್ತಿಕಮಾಸದ ಕೊನೆಯಲ್ಲಿ ಅವನಿಂದ ಒಂದು ಕಾಗದ ಬಂದಿತು.

“ಮಾವ, ಇದನ್ನು ಅಮ್ಮನಿಗೆ ಬರೆಯಲಾರೆ, ನಿಮಗೆ ಬರೆಯುತ್ತಿದ್ದೇನೆ” ಎಂದು ಆರಂಭವಾಗಿತ್ತು. ಸಂಜೆಯ ಮಬ್ಬಿನಲ್ಲಿ ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತಿದ್ದನಂತೆ. ಸುಮಾರು 15 ಗಜ ದೂರದಲ್ಲಿ ಬಿಳಿಬಾಲದ ಜಿಂಕೆಯೊಂದು ಬಂದು ನಿಂತಿತು. ಬಿಲ್ಲಿಗೆ ಕಟ್ಟಿದ ಗುರಿಮೊಳೆಯು ಚೊಕ್ಕವಾಗಿ ಕಾಣುತ್ತಿತ್ತು. ಜಿಂಕೆ ಮಾತ್ರ ಮಂಜಿನೊಳಗಿದ್ದಂತೆ ಇದ್ದಿತು. ಬಾಣವನ್ನು ಬಿಟ್ಟನು. ಅದು ಎದೆಗೆ ತಾಗದೆ ಹೊಟ್ಟೆಯ ಹಿಂಭಾಗಕ್ಕೆ ತಾಗಿತು. ದೀಪ ಹಿಡಿದು ನಡುರಾತ್ರಿಯವರೆಗೆ ರಕ್ತದ ಜಾಡನ್ನು ಅರಸಿದನು, ಪ್ರಾಣಿ ಸಿಕ್ಕಲಿಲ್ಲ. “ಅದು ಎಲ್ಲಿ ಬಿದ್ದು ಎಷ್ಟು ಹೊತ್ತು ನರಳಿತೋ ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ. ನನ್ನ ಕಣ್ಣು ಕೆಟ್ಟಿತೇ, ಕನ್ನಡಕ ಕೆಟ್ಟಿತೇ? ನಿಮ್ಮ ಶಿಷ್ಯರಾದ ಕಣ್ಣಿನ ವೈದ್ಯರನ್ನು ಕೇಳಿ ತಿಳಿಸಿ.”

ಬೇಟೆ ಬೇಡವೆಂದು ಬರೆದುಬಿಡುವುದು ಸುಲಭವಾಗಿತ್ತು, ಬರೆದೂ ಬರೆದೆನು. ಆದರೆ ಅವನು ನಾಳೆ ಮತ್ತೆ ಹೋದರೆ, ಮಸುಕುಗಣ್ಣಿನಿಂದ ಹೋಗುವುದಕ್ಕಿಂತ ತಿಳಿಗಣ್ಣಿನಿಂದ ಹೋಗುವುದು ಆ ಮೂಕಪ್ರಾಣಿಗೆ ಲೇಸಲ್ಲವೆ? ದಶರಥನು ಸರಯೂತೀರದ ಕತ್ತಲೆಯಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಮುನಿಕುಮಾರನಿಗೆ ಬಾಣವಿಟ್ಟುದನ್ನು ನೀವೆಲ್ಲರೂ ಕೇಳಿದ್ದೀರಿ. ಕಾಣದುದರ ಮೇಲೆ ಬಾಣ ಬಿಡುವ ವಿದ್ಯೆಗೆ ಶಬ್ದವೇಧಿಯೆಂಬ ದೊಡ್ಡ ಹೆಸರಿದ್ದರೂ ಅದರಿಂದಾದುದೇನು! ಆದಕಾರಣ ಶಿಷ್ಯನ ಮನೆಗೆ ಹೋದೆನು.

ಕಾಗದವನ್ನು ಓದಿದ ಕೂಡಲೆ ಆತನು ಹೇಳಿದನು: “ಮೇಷ್ಟ್ರೆ, ಮೊಳೆ ಸ್ಪಷ್ಟ, ಜಿಂಕೆ ಮಸುಕು ಎಂದಿರುವರಲ್ಲ, ರೋಗ ಅಲ್ಲಿಯೇ ಇದೆ.” ಅಳಿಯನಿಗೆ ನಾಲ್ವತ್ತೆಂಟು ವಯಸ್ಸು. ಮೊದಲಿನಿಂದ ದೂರದ ವಸ್ತು ಕಾಣದು. ಈಗ ಚಾಳೀಸೂ ಸೇರಿಕೊಂಡಿದೆ. ಅದಕ್ಕಾಗಿ, ಮೇಲ್ಭಾಗದಲ್ಲಿ ದೂರದ ನೋಟ, ನಡುವೆ ಕೈಯಳತೆಯ ನೋಟ, ಕೆಳಗೆ ಓದುವ ನೋಟ, ಹೀಗೆ ಮೂರೂ ಒಂದೇ ಗಾಜಿನಲ್ಲಿ ಇಳಿಯುತ್ತ ಬರುವ ಪ್ರೋಗ್ರೆಸಿವ್ ಕನ್ನಡಕವನ್ನು ಹಾಕಿಕೊಂಡಿರುವನು. ನೆಲದ ಮೇಲೆ ನೆಟ್ಟಗೆ ನಿಂತು ನೋಡಿದರೆ ಅದರಿಂದ ತೊಂದರೆಯಿಲ್ಲ. ಅಟ್ಟಣೆಯ ಮೇಲಿನಿಂದ ಕೆಳಗೆ ನೋಡುವವನ ಕಣ್ಣು ಗಾಜಿನ ಕೆಳಭಾಗಕ್ಕೆ ಇಳಿಯುತ್ತದೆ. ಅಲ್ಲಿ ಕೈಯಳತೆಯಲ್ಲಿರುವ ಮೊಳೆ ಕಾಣುವುದು, ಜಿಂಕೆ ಕಲಸಿಹೋಗುವುದು.

ನನ್ನದೂ ಅದೇ ಜಾತಿಯ ಕನ್ನಡಕ. ಮರುದಿನ ಸಂಜೆ ತಾರಸಿಯ ಮೇಲೆ ನಿಂತು, ಎಡಗೈಯಲ್ಲಿ ಕೊಡೆಯನ್ನು ಬಿಲ್ಲಿನಂತೆ ಹಿಡಿದು, ಬಲಗೈಯನ್ನು ದವಡೆಗೆ ತಂದು, ಅಂಗಳದ ತುಳಸಿಕಟ್ಟೆಯ ದೀಪದ ಗೂಡನ್ನು ನೋಡಿದೆನು. ಗೂಡಿನ ಅಂಚು ಕರಗಿದಂತಾಯಿತು. ಕೊಡೆಯ ಗುಂಡಿಯಾದರೋ ಎಣಿಸುವಂತೆ ಕಂಡಿತು. ಕತ್ತನ್ನು ಅಲುಗಿಸದೆ ಸೊಂಟದಿಂದ ಬಗ್ಗಿದಾಗ ಗೂಡು ತಿಳಿಯಾಯಿತು. ಕೆಳಗಿನಿಂದ ನನ್ನ ಹೆಂಡತಿಯು ಯಾರ ಮೇಲೆ ದಂಡಯಾತ್ರೆಯೆಂದು ಕೇಳಿದಳು.

ಆದಕಾರಣ ಮೊದಲನೆಯ ಮಾತು ಇದು: ಬಿಲ್ಲು ಹಿಡಿಯುವವನಿಗೆ ದೂರದ ನೋಟವೊಂದನ್ನೇ ಗಾಜಿನ ತುಂಬ ಇಟ್ಟ ಬೇರೊಂದು ಕನ್ನಡಕ ಬೇಕು. ಅದರಲ್ಲಿ ಮೊಳೆಯು ತುಸು ಮಸುಕಾಗುವುದು, ಆಗಲಿ. ಗುರಿ ಸ್ಪಷ್ಟವಾಗಿದ್ದು ಮೊಳೆ ಮಸುಕಾಗಿದ್ದರೆ ಕೆಲಸ ನಡೆಯುತ್ತದೆ, ತಿರುಗುಮುರುಗಾದರೆ ನಡೆಯದು. ಇಂದಿನ ಗಾಲಿಬಿಲ್ಲುಗಳ ಹೆದೆಯಲ್ಲಿ ಕಣ್ಣಿನ ಮುಂದೆ ಒಂದು ಕಿರುಗಿಂಡಿಯನ್ನು ಕೂರಿಸುವುದುಂಟು. ಸಣ್ಣ ರಂಧ್ರದ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ಏಕಕಾಲದಲ್ಲಿ ತಿಳಿಯಾಗುವುದರಿಂದ ಅದು ಮೊಳೆಯ ಮಸುಕನ್ನೂ ಕಡಮೆಮಾಡುತ್ತದೆ. ಆದರೆ ರಂಧ್ರ ಕಿರಿದಾದಷ್ಟೂ ಬೆಳಕೂ ಕಿರಿದಾಗುವುದು.

ಎರಡನೆಯದು ನನಗೆ ಹೊಸ ವಿಷಯ. ಬಲಗೈಯವನು ಬಿಲ್ಲನ್ನು ಎಡಗೈಯಲ್ಲಿ ಹಿಡಿದು, ಎಡಭುಜವನ್ನು ಗುರಿಯ ಕಡೆ ಮಾಡಿ, ಮುಖವನ್ನು ಎಡಕ್ಕೆ ತಿರುಗಿಸುತ್ತಾನೆ. ಮುಖವು ಪೂರ್ತಿ ತಿರುಗದು; ಉಳಿದುದನ್ನು ಕಣ್ಣು ತಿರುಗಿಸಿಕೊಳ್ಳುತ್ತದೆ. ಹೀಗಾಗಿ ಬಲಗಣ್ಣು ಗಾಜಿನ ನಡುಭಾಗದಿಂದ ನೋಡದೆ ಮೂಗಿನ ಬದಿಯ ಅಂಚಿನಿಂದ ನೋಡುವುದು. ಚೌಕಟ್ಟು ದಪ್ಪನಾಗಿದ್ದರೆ ಅಥವಾ ಗಾಜು ಸಣ್ಣದಿದ್ದರೆ ಗುರಿಗೆ ಚೌಕಟ್ಟೇ ಅಡ್ಡ ಬರುತ್ತದೆ. ಅಡ್ಡ ಬರದಿದ್ದರೂ, ಗಾಜಿನ ನಡುವಿನಿಂದ ಸರಿದು ನೋಡಿದಷ್ಟೂ ಬಿಂಬವು ಜರುಗುತ್ತದೆ. ಮೈನಸ್ 4 ಶಕ್ತಿಯ ಗಾಜಿನಲ್ಲಿ 1 ಸೆಂಟಿಮೀಟರು ಸರಿದರೆ, ಮೀಟರಿಗೆ 4 ಸೆಂಟಿಮೀಟರಿನಂತೆ, 20 ಮೀಟರು ದೂರದಲ್ಲಿ 80 ಸೆಂಟಿಮೀಟರು ಜರುಗುವುದು! ಇದನ್ನು ಕೇಳಿ ನಾನು ಬೆಚ್ಚಿದೆನು. ಶಿಷ್ಯನು ನಕ್ಕು, ಮೊಳೆಯನ್ನೂ ಅದೇ ಗಾಜಿನ ಅದೇ ಸ್ಥಳದಿಂದ ನೋಡುವುದರಿಂದ ಅದೂ ಜೊತೆಯಲ್ಲಿಯೇ ಜರುಗುತ್ತದೆ, ಬಾಣವು ಅಷ್ಟು ದೂರ ತಪ್ಪುವುದಿಲ್ಲವೆಂದು ಸಮಾಧಾನ ಹೇಳಿದನು. ಉಳಿಯುವ ಕೇಡೆಂದರೆ ಅಂಚಿನ ಮಸುಕು ಮತ್ತು ಬಣ್ಣದ ಸೆರಗು.

ಇದಕ್ಕೆ ಪರಿಹಾರವು ಅಂಗಡಿಯಲ್ಲಿ ನಿಲ್ಲುವ ರೀತಿಯಲ್ಲಿಯೇ ಇದೆ. ಕನ್ನಡಿಯ ಮುಂದೆ ನೆಟ್ಟಗೆ ಕುಳಿತು ಚೌಕಟ್ಟನ್ನು ಆರಿಸಬಾರದು. ಒಂದು ಕೋಲು, ಒಂದು ದಾರ ಕೊಂಡೊಯ್ದು, ಬಿಲ್ಲು ಸೆಳೆಯುವ ಭಂಗಿಯಲ್ಲಿ ನಿಂತು, ಕಣ್ಣು ಗಾಜಿನ ಯಾವ ಸ್ಥಳದಿಂದ ನೋಡುತ್ತದೆಯೋ ಅಲ್ಲಿ ಮಸಿಯ ಚುಕ್ಕೆಯಿಡಿಸಬೇಕು. (ನಿಜವಾದ ಬಿಲ್ಲನ್ನು ಒಯ್ಯುವುದು ಬೇಡ, ಬಾಣವಿಲ್ಲದೆ ಹೆದೆ ಜಾರಿದರೆ ಬಿಲ್ಲೇ ಮುರಿಯುವುದುಂಟು.) ಶಕ್ತಿ ಅಲ್ಪವಾಗಿದ್ದರೆ ಅಗಲವಾದ ಗಾಜು, ತೆಳುವಾದ ಮೂಗುಸೇತುವೆ ಇಷ್ಟೇ ಸಾಕು. ಹೆಚ್ಚಾಗಿದ್ದರೆ ಬಲಗಾಜಿನ ಕೇಂದ್ರವನ್ನೇ ಆ ಚುಕ್ಕೆಯ ಕಡೆಗೆ ಸರಿಸಿ ಮಾಡಿಸಬಹುದು. ಅಂತಹ ಕನ್ನಡಕ ಬಿಲ್ಲಿಗೆ ಮಾತ್ರ ಮೀಸಲು, ಅದನ್ನು ಹಾಕಿಕೊಂಡು ಮೋಟಾರು ನಡೆಸಬಾರದು.

ನಮ್ಮ ಕವಿಗಳು ಹೆದೆಯನ್ನು ಕಿವಿಯವರೆಗೆ ಸೆಳೆಸುತ್ತಿದ್ದರು. ಇಂದಿನವರು ಕೈಯನ್ನು ದವಡೆಯ ಬಳಿ ನಿಲ್ಲಿಸುತ್ತಾರೆ, ಹೆದೆಯು ಮೂಗಿನ ತುದಿಗೆ ತಾಗುತ್ತದೆ. ಉಬ್ಬಿದ ಚೌಕಟ್ಟಿಗೆ ಹೆದೆ ತಗಲುವ ಸಂಭವವುಂಟು. ಇಂಗಾಲದ ನಾರಿನ ಬಾಣವು ಕ್ವಚಿತ್ತಾಗಿ ಸೀಳುವುದರಿಂದ ಒಡೆಯುವ ಗಾಜು ಸಲ್ಲದು. ಪಾಲಿಕಾರ್ಬೊನೇಟ್ ಗಟ್ಟಿ, ಆದರೆ ಅಂಚಿನಲ್ಲಿ ಬಣ್ಣದ ಸೆರಗು ಅದಕ್ಕೆ ಹೆಚ್ಚು. ಬಿಲ್ಲುಗಾರನು ನೋಡುವುದೇ ಅಂಚಿನಿಂದ. ಟ್ರೈವೆಕ್ಸ್ ಎಂಬುದು ಗಟ್ಟಿಯೂ ಹೌದು, ಸೆರಗೂ ಕಡಮೆ. ಶಿಷ್ಯನ ಮತ ಅದರ ಕಡೆಗೆ.

ಬಣ್ಣದ ಗಾಜಿನ ಮೋಹವನ್ನು ಬಿಡಬೇಕು. ಜಿಂಕೆ ಬರುವುದು ಮುಂಬೆಳಗಿನಲ್ಲಿ, ಮುಸ್ಸಂಜೆಯಲ್ಲಿ. ಅಲ್ಲಿನ ಹಲವು ಪ್ರಾಂತಗಳ ನಿಯಮವೂ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತವಾದ ಅರ್ಧ ಗಂಟೆಯವರೆಗೆ ಅವಕಾಶ ಕೊಡುತ್ತದೆ. ಆ ಹೊತ್ತಿನ ಬೆಳಕಿನಲ್ಲಿ ಕಾಸಿನಷ್ಟನ್ನೂ ಕಳೆಯಬಾರದು. ಹಳದಿಗಾಜು ಹೊಳಪು ಕೊಟ್ಟಂತೆ ತೋರಿದರೂ ಬೆಳಕನ್ನು ತಿನ್ನುವುದೇ. ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ಚಳಿಯಲ್ಲಿ ಬೇಗ ತಿಳಿಯಾಗುವುದಿಲ್ಲ. ಲೇಪವಿಲ್ಲದ ಸಾಮಾನ್ಯ ಗಾಜು ತನ್ನ ಎರಡು ಮೈಗಳಿಂದ ಬೆಳಕಿನ ನೂರರಲ್ಲಿ 8 ಪಾಲನ್ನು ಹಿಂದಕ್ಕೆ ಹೊಳೆಯಿಸಿಬಿಡುತ್ತದೆ. ಪ್ರತಿಫಲನ ತಡೆಯುವ ಲೇಪವು ಅದರಲ್ಲಿ ಬಹುಪಾಲನ್ನು ಉಳಿಸಿಕೊಡುವುದು.

ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಉಸಿರು ಮೇಲೇರಿ ಗಾಜಿಗೆ ಮಂಜು ಕವಿಯುವುದು, ಬಟ್ಟೆಯನ್ನು ಮೂಗಿನ ಕೆಳಗೆ ಇಳಿಸಿಕೊಳ್ಳುವುದೇ ಉಪಾಯ. ಇದೆಲ್ಲಕ್ಕೂ ಮುಂಚೆ ಯಾವ ಕಣ್ಣು ಪ್ರಧಾನವೆಂದು ತಿಳಿದಿರಬೇಕು. ಎರಡು ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ವಸ್ತುವನ್ನು ನೋಡಿ, ಒಂದೊಂದೇ ಕಣ್ಣನ್ನು ಮುಚ್ಚಿದರೆ ಗೊತ್ತಾಗುವುದು. ನಮ್ಮ ಊರುಗಳಲ್ಲಿ ಹಲಗೆಗೆ ಬಾಣ ಬಿಡುವ ಆಟವನ್ನು ಕಲಿಯುತ್ತಿರುವ ಮಕ್ಕಳಿರುವ ಮನೆಯವರು ಈ ಪರೀಕ್ಷೆಯನ್ನೂ ಮಸಿಚುಕ್ಕೆಯ ಉಪಾಯವನ್ನೂ ತಪ್ಪದೆ ಮಾಡಬಹುದು.

ಇಷ್ಟನ್ನೂ ಆರು ಪುಟ ಬರೆದು ಕಳುಹಿಸಿದೆನು. ಕೊನೆಯಲ್ಲಿ, ಹೊಸ ಕನ್ನಡಕದಿಂದ ಅದೇ ಎತ್ತರದಲ್ಲಿ ನಿಂತು, ಅದೇ ಸಂಜೆಬೆಳಕಿನಲ್ಲಿ, ಹತ್ತಕ್ಕೆ ಹತ್ತು ಬಾಣಗಳನ್ನು ಊಟದ ತಟ್ಟೆಯಗಲದ ಗುರಿಯೊಳಗೆ ಹೊಡೆಯುವವರೆಗೆ ಜೀವವಿರುವುದರ ಮೇಲೆ ಬಿಲ್ಲೆತ್ತಕೂಡದೆಂದು ಹಿರಿಯನ ಅಧಿಕಾರದಿಂದ ವಿಧಿಸಿದೆನು.

ಮೊನ್ನೆ ಉತ್ತರ ಬಂದಿದೆ. ಕನ್ನಡಕ ಸಿದ್ಧವಾಗಿದೆಯಂತೆ. ಮನೆಯ ಹಿಂದಿನ ಮರದಲ್ಲಿ ಅಟ್ಟಣೆ ಕಟ್ಟಿ ಹುಲ್ಲಿನ ಗುರಿಗೆ ಹೊಡೆಯುತ್ತಿರುವನಂತೆ. ಹತ್ತರಲ್ಲಿ ಏಳು ಬಿದ್ದಿವೆ. “ಈ ವರ್ಷ ಕಾಡಿಗೆ ಹೋಗುವುದಿಲ್ಲ, ಮಾವ” ಎಂದು ಬರೆದಿರುವನು.