ಚಾವಿ ಕೊಟ್ಟ ಕೈ

ಚಿಂಚೋಳಿಯ ಬಸ್ ನಿಲ್ದಾಣದ ಮುಂದೆ ಸಂಜೆ ಶಾಲೆ ಬಿಡುವ ಹೊತ್ತಿಗೆ ಅರ್ಧ ಗಂಟೆ ನಿಂತು ನೋಡಿರಿ. ತೊಗರಿಯ ಚೀಲವನ್ನು ಮುಂದಿರಿಸಿಕೊಂಡ ಮೊಪೆಡ್ಡು, ಸದ್ದಿಲ್ಲದೆ ನುಸುಳುವ ಬ್ಯಾಟರಿ ಗಾಡಿ, ಇವುಗಳ ನಡುವೆ ಹೆಗಲಿಗೆ ಪಾಟಿಚೀಲ ತೂಗುಹಾಕಿಕೊಂಡು ಗಾಡಿ ಓಡಿಸುವ, ಇನ್ನೂ ಮೀಸೆ ಮೂಡದ ಹುಡುಗರು! ಅವರನ್ನು ಕಂಡಾಗ ನನಗೆ ಕೋಪಕ್ಕಿಂತ ಮೊದಲು ನಾಚಿಕೆಯಾಗುತ್ತದೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಮೋಟಾರು ಕೂಡಿಸಿದ ಸೈಕಲ್ಲು ಬಡವರ ವಾಹನವಾಗಿ ನಮ್ಮಲ್ಲಿಗೆ ಬಂದಿತು. 1972ರಲ್ಲಿ ಪುಣೆಯ ಲೂನಾ, 1980ರಲ್ಲಿ ಹೊಸೂರಿನ ಟಿವಿಎಸ್ 50 ಕಾಣಿಸಿಕೊಂಡವು. ಪೆಡಲು ತುಳಿದು ಚಾಲೂ ಮಾಡುವ ಆ ಗಾಡಿಯನ್ನು ಜನರು ಸೈಕಲ್ಲಿನ ತಮ್ಮನೆಂದೇ ಬಗೆದರು. ಸೈಕಲ್ಲನ್ನು ಮಕ್ಕಳು ತುಳಿಯಬಹುದಾದರೆ ಇದನ್ನೇಕೆ ಓಡಿಸಬಾರದು ಎಂಬ ಭ್ರಮೆ ಹುಟ್ಟಿದ್ದು ಇಲ್ಲಿಯೇ.

ಕಾಯ್ದೆಯಾದರೋ ಹೆಸರನ್ನು ನೋಡುವುದಿಲ್ಲ, ಎಂಜಿನ್ನಿನ ಗಾತ್ರವನ್ನು ನೋಡುತ್ತದೆ. 1988ರ ಮೋಟಾರು ವಾಹನಗಳ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ನಡೆಸಲು 18 ವರ್ಷ ತುಂಬಿರಬೇಕು, ಲೈಸೆನ್ಸು ಇರಬೇಕು. 50 ಸಿ.ಸಿ. ಮೀರದ ಗಾಡಿಗೆ ಮಾತ್ರ 16 ವರ್ಷ ಸಾಕು. ಆಗಲೂ ಪೋಷಕರ ಲಿಖಿತ ಒಪ್ಪಿಗೆ ಬೇಕು, ಲೈಸೆನ್ಸೂ ಬೇಕು. ಆದರೆ ಇಂದು ನಮ್ಮ ಬೀದಿಗಳಲ್ಲಿ ಹೆಚ್ಚಾಗಿ ಕಾಣುವ ಟಿವಿಎಸ್ ಎಕ್ಸ್‌ಎಲ್ 100 ಗಾಡಿಯ ಎಂಜಿನ್ನು 99.7 ಸಿ.ಸಿ.! ಮೊಪೆಡ್ಡೆಂಬ ಹೆಸರು ಉಳಿದಿದೆ, ಹಳೆಯ ರಿಯಾಯಿತಿ ಅದಕ್ಕೆ ಅನ್ವಯಿಸುವುದಿಲ್ಲ. ಒಂಬತ್ತನೆಯ ತರಗತಿಯ ನಿಮಗೆ ಎರಡೂ ಸಲ್ಲವು.

ಸುಮಾರು ಮೂವತ್ತು ವರ್ಷಗಳ ಹಿಂದೆ, ನಿಮ್ಮ ವಯಸ್ಸಿನ ಶಿಷ್ಯನೊಬ್ಬನ ಕೈಗೆ ನನ್ನ ಮೊಪೆಡ್ಡಿನ ಚಾವಿಯನ್ನಿತ್ತು, ಬಜಾರಿನಿಂದ ಸೀಮೆಸುಣ್ಣದ ಡಬ್ಬಿ ತರಲು ಕಳುಹಿಸಿದ್ದೆ. ಹತ್ತೇ ನಿಮಿಷದಲ್ಲಿ ಹಿಂದಿರುಗಿದ ಅವನನ್ನು ತರಗತಿಯ ಎದುರಿಗೆ ಮೆಚ್ಚಿ ಮಾತನಾಡಿದೆ. ತಿಂಗಳು ಕಳೆಯುವುದರೊಳಗೆ ಅವನು ಸೋದರಮಾವನ ಗಾಡಿಯನ್ನೇರಿ ತಾಂಡೂರಿನ ರಸ್ತೆಯಲ್ಲಿ ಜಲ್ಲಿಕಲ್ಲಿನ ಮೇಲೆ ಜಾರಿಬಿದ್ದು ಬಲಗೈ ಮುರಿದುಕೊಂಡ; ವಾರ್ಷಿಕ ಪರೀಕ್ಷೆ ಬರೆಯಲಾಗಲಿಲ್ಲ. ನಾನು ನೋಡಲು ಹೋದಾಗ ಅವನ ತಂದೆ ಬೈಯಲಿಲ್ಲ. “ಸರ, ಮೊದಲ ಚಾವಿ ನೀವೇ ಕೊಟ್ರಿ. ಈಗ ನಾ ಬ್ಯಾಡ ಅಂದ್ರ ಕೇಳ್ತಾನೇನ್ರಿ?” ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆದುದರಿಂದ 2019ರ ತಿದ್ದುಪಡಿಯನ್ನು ಕಠೋರವೆಂದು ಹಲವರು ದೂರಿದರೂ ನಾನು ಅದನ್ನು ಒಪ್ಪುತ್ತೇನೆ. ಅಪ್ರಾಪ್ತ ವಯಸ್ಕನು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕನೋ ಮಾಲೀಕನೋ ತಪ್ಪಿತಸ್ಥನೆನಿಸುತ್ತಾನೆ. ತನಗೆ ತಿಳಿಯದಂತೆ ನಡೆಯಿತೆಂದು ರುಜುವಾತುಪಡಿಸದ ಹೊರತು 3 ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ದೊರೆಯದು. ಇದಲ್ಲದೆ, ಗಾಯಗೊಂಡವರಿಗೆ ವಿಮಾ ಸಂಸ್ಥೆಯು ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದು. ಎರಡೆಕರೆ ಹೊಲದವನಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕೆ?

ಬ್ಯಾಟರಿ ಸೈಕಲ್ಲಿನ ಮಾತು ಬೇರೆ. 250 ವಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ, ಬ್ಯಾಟರಿ ಬಿಟ್ಟು 60 ಕಿಲೋಗ್ರಾಂ ತೂಕ ಮೀರದ ಗಾಡಿಯನ್ನು ನಿಯಮಗಳು ಮೋಟಾರು ವಾಹನವೆಂದು ಗಣಿಸುವುದಿಲ್ಲ; ಬ್ರೇಕು, ಮುಂದೆ ಬಿಳಿಯ ಹಿಂದೆ ಕೆಂಪಿನ ಪ್ರತಿಫಲಕ ಇರಬೇಕು, ಲೈಸೆನ್ಸು ಬೇಕಿಲ್ಲ. ವೇಗದ ಕಟ್ಟನ್ನು ಬಿಚ್ಚಿಸಿದೊಡನೆ ಈ ವಿನಾಯಿತಿ ತಪ್ಪಿಹೋಗುತ್ತದೆ. ಸಿಮೆಂಟಿನ ಲಾರಿಗಳು ಓಡಾಡುವ ಸೇಡಂ ಕಡೆಯ ರಸ್ತೆಯಲ್ಲಿ ಇಂಥ ಗಾಡಿಯ ಸವಾರನಿಗೆ ಹೆಲ್ಮೆಟ್ಟು ಕಡ್ಡಾಯವಲ್ಲವೆಂಬುದು, ನನ್ನ ಮಟ್ಟಿಗೆ, ನಿಯಮದ ಕೊರತೆಯೇ ಸರಿ.

ತಾಂಡಾಗಳಿಂದ, ಕುಂಚಾವರಂ ಕಡೆಯ ಗುಡ್ಡದ ಹಳ್ಳಿಗಳಿಂದ ಬರುವ ಮಕ್ಕಳಿಗೆ ಶಾಲೆ ದೂರವೆಂಬುದೂ ನಿಜ. 2006-07ರಿಂದ ಹಲವು ವರ್ಷ ಸರ್ಕಾರವು ಎಂಟನೆಯ ತರಗತಿಯವರಿಗೆ ಸೈಕಲ್ಲು ಹಂಚಿದ್ದು ಇದನ್ನರಿತೇ. ಶಾಲೆಯ ಹೊತ್ತಿಗೆ ಸರಿಯಾಗಿ ಬಸ್ಸು ಬೇಕೆಂದು ಊರಿನ ಹಿರಿಯರು ಅರ್ಜಿ ಹಿಡಿದು ಅಲೆಯಬೇಕು. ಮಗನಿಗೆ ಚಾವಿ ಕೊಡುವುದು ಅದಕ್ಕಿಂತ ಸುಲಭ, ಅದಕ್ಕೇ ಕೊಡುತ್ತಾರೆ.

ನನ್ನ ಮೊಮ್ಮಗನಿಗೆ ಈಗ ಹದಿನೈದು. ಅವನ ತುಳಿಯುವ ಸೈಕಲ್ಲಿಗೆ ಹಿಂದೆ ಕೆಂಪು ಪ್ರತಿಫಲಕ ಹಚ್ಚಿಸಿ ಕೊಟ್ಟಿದ್ದೇನೆ. ಮೊಪೆಡ್ಡಿನ ಚಾವಿ ಕೇಳುವುದನ್ನು ಅವನಿನ್ನೂ ಬಿಟ್ಟಿಲ್ಲ.